ಟ್ಯಾಂಪಿನೀಸಿನಲ್ಲಿ ಐರಿಷ್ ಪಾರ್ಲಿಮೆಂಟು

ತೊಂಬತ್ತೇಳನೆಯ ಇಸವಿಯ ಜೂನ್ ತಿಂಗಳಲ್ಲಿ ಐರ್ಲೆಂಡಿನ ಪಾರ್ಲಿಮೆಂಟು ಸಿಂಗಾಪುರದ ಟ್ಯಾಂಪಿನೀಸಿನ ನಮ್ಮ ಡೈನಿಂಗ್ ಟೇಬಲ್ಲಿನ ಮೇಲೆ ಎರಡು ವಾರ ಕಲಾಪ ನಡೆಸಿತು. ಉಪ್ಪಿನಕಾಯಿ ಬಾಟಲು, ತುಪ್ಪದ ಡಬ್ಬಿ, ಅಳಿಯನ ವಿಟಮಿನ್ ಮಾತ್ರೆಗಳು ಎಲ್ಲವನ್ನೂ ಒಂದು ಮೂಲೆಗೆ ತಳ್ಳಿ, ಮಧ್ಯದಲ್ಲಿ ಕ್ಯಾಸೆಟ್ ಪ್ಲೇಯರ್ ಇಟ್ಟುಕೊಂಡು ನಾನು ಕೂತಿದ್ದೆ. ಆ ಸದನಕ್ಕೆ ಸ್ಪೀಕರೂ ನಾನೇ, ಮಾರ್ಷಲ್ಲೂ ನಾನೇ, ರಿಪೋರ್ಟರೂ ನಾನೇ. ನನಗಾಗ ಅರವತ್ತಾರು ವರ್ಷ.

ರಿಪೋರ್ಟರ್ ಅಂದರೆ ಪೇಪರಿನವರಲ್ಲ. ಬೆಂಗಳೂರಿನಲ್ಲಿ ನಾನು ವಿಧಾನಸಭೆಯ ರಿಪೋರ್ಟರ್ ಆಗಿದ್ದೆ. ಸದಸ್ಯರು ಆಡುವ ಮಾತನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಹಿಡಿದು, ಟೈಪ್ ಮಾಡಿ, ನಡವಳಿಯ ಪುಸ್ತಕಕ್ಕೆ ಕಳಿಸುವ ಕೆಲಸ. ಸ್ಪೀಕರ್ ಪೀಠದ ಕೆಳಗೆ ಒಂದು ಮೇಜು. ಅಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷದ ಟರ್ನ್. ಐದು ನಿಮಿಷ ಬರೆಯುವುದು, ಮುಂದಿನವರು ಬಂದು ಪಕ್ಕದಲ್ಲಿ ಕೂತ ಮೇಲೆ ಸದ್ದಿಲ್ಲದೆ ಎದ್ದು ಹೋಗಿ ಟೈಪ್ ಮಾಡುವುದು, ಮತ್ತೆ ಬರುವುದು. ಸದನದಲ್ಲಿ ಕುರ್ಚಿ ಹಾರಲಿ, ಮೈಕು ಮುರಿಯಲಿ, ನಮ್ಮ ತಲೆ ಮೇಲೇಳುವ ಹಾಗಿಲ್ಲ.

ಈ ವಿದ್ಯೆ ನನಗೆ ಬಂದದ್ದು ಕಂಟೋನ್ಮೆಂಟಿನ ಕಾನ್ವೆಂಟಿನಿಂದ. ನಮ್ಮ ಸಿಸ್ಟರ್‌ಗಳು ಹೆಚ್ಚಿನವರು ಐರ್ಲೆಂಡಿನವರು. ಮೆಟ್ರಿಕ್ ಆದ ಮೇಲೆ ಕಮರ್ಷಿಯಲ್ ಕ್ಲಾಸ್ ತೆಗೆದುಕೊಂಡ ಎಂಟು ಹುಡುಗಿಯರಿಗೆ ಒಬ್ಬ ಸಿಸ್ಟರ್ ಡಿಕ್ಟೇಶನ್ ಕೊಡುತ್ತಿದ್ದರು. ಕೆಂಪು ಮುಖ, ದಪ್ಪ ಕನ್ನಡಕ. ಕೈಯಲ್ಲಿ ಒಂದು ಸ್ಕೇಲು. ಹೊಡೆಯಲು ಅಲ್ಲ, ಯಾರ ಬೆನ್ನು ಬಾಗಿದೆಯೋ ಅವರ ಬೆನ್ನಿಗೆ ನೆಟ್ಟಗೆ ಇಟ್ಟು ನೋಡಲು. ಆಕೆಯ ಇಂಗ್ಲಿಷು ಹಾಡಿನ ಹಾಗೆ ಏರಿ ಇಳಿಯುತ್ತಿತ್ತು. ನಾವು ಅದನ್ನೇ ಇಂಗ್ಲಿಷ್ ಅಂದುಕೊಂಡೆವು. ಇಂಗ್ಲೆಂಡಿನವರು ಬೇರೆ ಥರ ಮಾತಾಡುತ್ತಾರೆ ಎಂದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ, ಬಿಬಿಸಿ ಕೇಳಿದಾಗ. ಇವರೇಕೆ ಹೀಗೆ ತಪ್ಪುತಪ್ಪಾಗಿ ಮಾತಾಡುತ್ತಾರೆ ಎಂದು ನನಗೆ ನಿಜವಾಗಿಯೂ ಅನಿಸಿತ್ತು.

ನಾನು ಸೇರಿದಾಗ ಸದನದಲ್ಲಿ ಇಂಗ್ಲಿಷ್ ಭಾಷಣಗಳು ಎಷ್ಟೋ ಇರುತ್ತಿದ್ದವು. ಬರಬರುತ್ತ ಕಡಿಮೆಯಾದವು. ಕನ್ನಡ ಶೀಘ್ರಲಿಪಿ ಕಲಿತ ಚುರುಕಾದ ಹುಡುಗರು ಬಂದರು. ನಾಡಿನ ಸದನ ನಾಡಿನ ಮಾತಿನಲ್ಲೇ ನಡೆಯಬೇಕು, ಅದರಲ್ಲಿ ನನಗೆ ಯಾವತ್ತೂ ಎರಡು ಮಾತಿರಲಿಲ್ಲ. ಆದರೆ ನನ್ನ ಕೈ ಇಂಗ್ಲಿಷಿನ ಕೈ. ಕಡೆಯ ಆರು ವರ್ಷ ನನ್ನನ್ನು ಹಳೆಯ ಸಂಪುಟಗಳಿಗೆ ವಿಷಯಸೂಚಿ ಮಾಡುವ ಸೆಕ್ಷನ್ನಿಗೆ ಹಾಕಿದರು. ನನ್ನ ಕೊನೆಯ ಟರ್ನ್ ಯಾವುದು ಎಂದು ನನಗೇ ಗೊತ್ತಿಲ್ಲ. ಕೊನೆಯದು ಎಂದು ಆವತ್ತು ಯಾರಾದರೂ ಹೇಳಿದ್ದರೆ ಇನ್ನೊಂದು ಸ್ವಲ್ಪ ಚೆನ್ನಾಗಿ ಬರೆಯುತ್ತಿದ್ದೆನೇನೋ. ಯಜಮಾನರು ಹೋದ ಮೇಲೆ ಮಗಳು ಸಿಂಗಾಪುರಕ್ಕೆ ಕರೆದುಕೊಂಡು ಬಂದಳು. ಪೆನ್ಸಿಲ್ಲು ಆಮೇಲೆ ಸಾಮಾನಿನ ಚೀಟಿ ಬರೆಯಲು ಮಾತ್ರ.

ಇನ್ನು ಆ ಕ್ಯಾಸೆಟ್ಟು ಬಂದ ಕಥೆ. ಆ ವರ್ಷದ ಯುಗಾದಿ ಊಟದಲ್ಲಿ, ಒಂದು ಬ್ಲಾಕಿನ ಕೆಳಗಿನ void deckನಲ್ಲಿ, ಅಂದರೆ ಕಟ್ಟಡದಡಿಯ ಗೋಡೆಯಿಲ್ಲದ ಖಾಲಿ ಜಾಗದಲ್ಲಿ, ಎಲೆ ಹಾಕಿದ್ದರು, ನನ್ನ ಪಕ್ಕಕ್ಕೆ ಉಡುಪಿ ಕಡೆಯ ಒಬ್ಬ ಲೆಕ್ಚರರ್ ಕೂತಿದ್ದ. ಮೂವತ್ತೈದರ ವಯಸ್ಸು, ಯೂನಿವರ್ಸಿಟಿಯಲ್ಲಿ ಪೊಲಿಟಿಕಲ್ ಸೈನ್ಸ್. ಮನೆಯಲ್ಲಿ ತುಳು, ನಮ್ಮ ಹತ್ತಿರ ಅರ್ಧ ಇಂಗ್ಲಿಷಿನ ಬೆಂಗಳೂರು ಕನ್ನಡ.

“ಆಂಟಿ, ನೀವು ಊರಲ್ಲಿ ಏನ್ ಮಾಡ್ತಿದ್ರಿ?” ಅಂದ.

ಸಿಂಗಾಪುರಕ್ಕೆ ಬಂದು ಮೂರು ವರ್ಷವಾಗಿತ್ತು, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಗಳು ಏನು ಮಾಡುತ್ತಾಳೆ, ಅಳಿಯ ಎಲ್ಲಿ ಕೆಲಸ, flat ಸ್ವಂತದ್ದೋ ಬಾಡಿಗೆಯೋ, ಇಷ್ಟೇ. ನಾನು ಹೇಳಿದೆ. ಅವನು ಹೋಳಿಗೆ ಮುರಿಯುತ್ತಿದ್ದವನು ಕೈ ನಿಲ್ಲಿಸಿ, “ಈಗಲೂ ಬರೀತೀರಾ?” ಅಂದ. ನಾನು ನಕ್ಕುಬಿಟ್ಟೆ.

ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸರಕಾರ ಬದಲಾಯಿತು. ಹದಿನೆಂಟು ವರ್ಷ ಆಳಿದ ಪಕ್ಷ ಸೋತಿತು. ಟಿವಿಯಲ್ಲಿ ಹೊಸಬರು ಬಾಗಿಲಲ್ಲಿ ನಿಂತು ಕೈ ಬೀಸುವುದನ್ನು ನಾನೂ ನೋಡಿ, ಚಾನೆಲ್ ಬದಲಾಯಿಸಿದ್ದೆ. ಜೂನ್ ಮೊದಲ ವಾರ ಲೆಕ್ಚರರ್ ನಮ್ಮ ಮನೆಗೇ ಬಂದ. ಕೈಯಲ್ಲಿ ಒಂದು ಕ್ಯಾಸೆಟ್ಟು, ಒಂದು ಪ್ಲಾಸ್ಟಿಕ್ ಚೀಲದ ತುಂಬ ಪೇಪರು.

ಅವನ ಅಧ್ಯಯನದ ವಿಷಯ ಇದು: ದೊಡ್ಡ ದೇಶದಲ್ಲಿ ಸರಕಾರ ಬದಲಾದಾಗ, ಅದರ ಪಕ್ಕದ ಸಣ್ಣ ದೇಶ ತನ್ನ ಪಾರ್ಲಿಮೆಂಟಿನೊಳಗೆ ಕೂತು ಏನೇನು ಮಾತಾಡಿಕೊಳ್ಳುತ್ತದೆ? ಸಿಂಗಾಪುರದಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇತುವೆ ದಾಟಿದರೆ ಪಕ್ಕದ ದೊಡ್ಡ ದೇಶ. ನಲ್ಲಿ ತಿರುಗಿಸಿದರೆ ಬರುವುದೂ ಅವರ ನೀರು. ಅವನು ಆರಿಸಿಕೊಂಡ ಉದಾಹರಣೆ ಐರ್ಲೆಂಡು. ಡಬ್ಲಿನ್ನಿನ ಅವನ ಸ್ನೇಹಿತನೊಬ್ಬ ಬ್ರಿಟನ್ನಿನ ಬದಲಾವಣೆಯ ಬಗ್ಗೆ ಐರಿಷ್ ಪಾರ್ಲಿಮೆಂಟಿನಲ್ಲಿ ನಡೆದ ಮಾತುಕತೆಯನ್ನು ರೇಡಿಯೋದಿಂದ ರೆಕಾರ್ಡ್ ಮಾಡಿ ಕಳಿಸಿದ್ದ. ಒಂದು ಗಂಟೆ ಹತ್ತು ನಿಮಿಷ.

“ಎರಡು ಕಡೆ ಟೈಪಿಂಗಿಗೆ ಕೊಟ್ಟೆ ಆಂಟಿ. ನೋಡಿ.” ಪೇಪರು ತೆಗೆದ. ಹಾಳೆಯ ತುಂಬ ಚುಕ್ಕೆ ಚುಕ್ಕೆ. ಅರ್ಥವಾಗದ ಕಡೆಯಲ್ಲೆಲ್ಲ ಚುಕ್ಕೆ ಹಾಕಿದ್ದರು. “ಆಕ್ಸೆಂಟ್ ಯಾರಿಗೂ ಹಿಡೀತಾ ಇಲ್ಲ. ಇಪ್ಪತ್ಮೂರನೇ ತಾರೀಕು ಸೆಮಿನಾರ್. ಇದಾಗ್ಲಿಲ್ಲ ಅಂದ್ರೆ ಐರಿಷ್ ಚಾಪ್ಟರ್ ಪೂರ್ತಿ ಡ್ರಾಪ್ ಮಾಡ್ಬೇಕು.”

“ಅಚ್ಚಾದ ನಡವಳಿ ಸಿಗೋದಿಲ್ಲವೇನಪ್ಪ?”

“ಬರೋಕೆ ತಿಂಗಳುಗಟ್ಟಲೆ ಆಗುತ್ತೆ.”

ಪ್ಲೇಯರಿನಲ್ಲಿ ಹಾಕಿ ಒತ್ತಿದ. ಮೊದಲ ದನಿ ಹೊರಬಿದ್ದ ಕೂಡಲೇ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಸ್ಕೇಲು ಇಟ್ಟು ನೋಡಿದರೂ ಒಂದು ಕೂದಲಿನಷ್ಟು ಬಾಗಿರುತ್ತಿರಲಿಲ್ಲ. ಅವನಿಗೆ ಬರೀ ಗೊಗ್ಗರು ಗದ್ದಲವಾಗಿ ಕೇಳುತ್ತಿದ್ದದ್ದು ನನಗೆ ಕಾನ್ವೆಂಟಿನ ಬೆಳಗಿನ ಅಸೆಂಬ್ಲಿಯಷ್ಟು ಸ್ಪಷ್ಟ. ಐವತ್ತು ವರ್ಷದ ಹಿಂದಿನ ಕಮರ್ಷಿಯಲ್ ಕ್ಲಾಸಿನ ದನಿಗಳು, ಗಂಡಸರ ಗಂಟಲಿನಲ್ಲಿ.

“ಇಟ್ಟು ಹೋಗು,” ಅಂದೆ.

ಮಗಳು ಸಂಜೆ ಆಫೀಸಿನಿಂದ ಬಂದವಳು ಒಪ್ಪಲಿಲ್ಲ. ಜನವರಿಯಲ್ಲಿ ನನ್ನ ಎಡಗಣ್ಣಿಗೆ ಕ್ಯಾಟರಾಕ್ಟ್ ಆಪರೇಷನ್ ಆಗಿತ್ತು. ಬಿಪಿ ಮಾತ್ರೆ ಬೇರೆ.

“ಅಮ್ಮ, ನಿಂಗ್ಯಾಕೆ ಈ ತಲೆನೋವು? ಸುಮ್ನೆ ರೆಸ್ಟ್ ತಗೋ.”

“ಎಂಟು ವರ್ಷದಿಂದ ಅದನ್ನೇ ತಗೊಂಡಿದ್ದೀನಲ್ಲೇ.”

“ಆಗ್ದೆ ಹೋದ್ರೆ? ಅರ್ಧಕ್ಕೆ ನಿಲ್ಸಿದ್ರೆ ಅವ್ರಿಗೂ ತೊಂದ್ರೆ, ನಿಂಗೂ ಬೇಜಾರು.”

ಅವಳು ಹೇಳಿದ್ದು ಸರಿಯಾದ ಜಾಗಕ್ಕೆ ತಗುಲಿತು. ನನ್ನ ಹೆದರಿಕೆಯೂ ಅದೇ. ಈ ಕಿವಿಯಿಂದ, ಈ ಕೈಯಿಂದ, ಒಂದು ಗಂಟೆ ಹತ್ತು ನಿಮಿಷದ ಸದನವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿಯಲು ಆಗುತ್ತದೋ ಇಲ್ಲವೋ. ಆಗದಿದ್ದರೆ, ವಿಷಯಸೂಚಿ ಸೆಕ್ಷನ್ನಿಗೆ ಹಾಕಿದವರೇ ಸರಿ ಎಂದಾಗುತ್ತಿತ್ತು. ಅದನ್ನು ಮಗಳಿಗೆ ಹೇಳಲಿಲ್ಲ. “ಒಂದು ವಾರ ಕೊಡು,” ಅಂದೆ ಅಷ್ಟೆ.

ಮಾರನೆಯ ದಿನ ಬ್ಲಾಕಿನ ಕೆಳಗಿನ ಅಂಗಡಿಗೆ ಹೋಗಿ ಮೆದು ಸೀಸದ ಪೆನ್ಸಿಲ್ ಆರು ತಂದೆ. ನಮ್ಮ ಶಾರ್ಟ್‌ಹ್ಯಾಂಡ್ ಲಿಪಿಯಲ್ಲಿ ತೆಳು ಗೆರೆ ಒಂದಕ್ಷರ, ಅದನ್ನೇ ಒತ್ತಿ ಎಳೆದರೆ ಇನ್ನೊಂದು. ಗಟ್ಟಿ ಸೀಸ ನಡೆಯುವುದಿಲ್ಲ. ಎಲ್ಲರೂ ಹೊರಟ ಮೇಲೆ ಅಡುಗೆಮನೆಯ ಟೈಮರನ್ನು ಐದು ನಿಮಿಷಕ್ಕೆ ಇಟ್ಟೆ. ರಿವೈಂಡ್ ಮಾಡಬಾರದು ಎಂದು ನಾನೇ ಒಂದು ರೂಲು ಮಾಡಿಕೊಂಡೆ. ಸದನದಲ್ಲಿ ಯಾವ ಸದಸ್ಯರಿಗೆ ರಿವೈಂಡ್ ಇತ್ತು?

ಮೊದಲ ದಿನ ಎರಡು ಟರ್ನಿಗೇ ಬೆರಳು ಮರಗಟ್ಟಿತು. ಎರಡನೆಯ ದಿನ ನಾಲ್ಕು. ಪ್ರತಿ ಟರ್ನ್ ಮುಗಿದಾಗ ಎದ್ದು, ಟೇಬಲ್ಲಿಗೆ ಒಂದು ಸುತ್ತು ಹಾಕಿ, ಪಕ್ಕದ ಕುರ್ಚಿಯಲ್ಲಿ ಮುಂದಿನ ರಿಪೋರ್ಟರ್ ಆಗಿ ಕೂರುತ್ತಿದ್ದೆ. ಹಾಗೆ ಮಾಡದೆ ನನಗೆ ಬರೆಯಲು ಬರುತ್ತಿರಲಿಲ್ಲ. ಒಂದು ದಿನ ಅಳಿಯ ಬೇಗ ಬಂದು ಬಾಗಿಲಲ್ಲೇ ನಿಂತುಬಿಟ್ಟ.

“ಅಮ್ಮ, ಏನ್ ಸುತ್ತುತಾ ಇದ್ದೀರಿ? ಪ್ರದಕ್ಷಿಣೆನಾ?”

“ಶ್. ಟರ್ನ್ ಚೇಂಜ್.”

ಅವನು ಶೂ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ರೂಮಿಗೆ ಹೋದ.

ಆ ಸದಸ್ಯರು ಏನು ಹೇಳಿದರೆಂದು ಉದ್ಧರಣ ಚಿಹ್ನೆ ಹಾಕಿ ಇಲ್ಲಿ ಬರೆಯುವುದಿಲ್ಲ. ಇನ್ನೊಬ್ಬರ ಸದನದ ಮಾತನ್ನು ನೆನಪಿನಿಂದ ಉದ್ಧರಿಸಬಾರದೆಂಬುದು ನಮ್ಮ ಕಸುಬಿನ ಶಿಸ್ತು. ಸಾರ ಹೇಳಬಹುದು. ಅಲ್ಲಿ ಸಂತೋಷವಿತ್ತು, ಆದರೆ ಮದುವೆಮನೆಯ ಸಂತೋಷವಲ್ಲ. ನೆರೆಮನೆಯ ಹಳೇ ಮುಂಗೋಪಿ ಯಜಮಾನ ಬದಲಾಗಿ ಹೊಸಬ ಬಂದಿದ್ದಾನೆ, ಇವನಾದರೂ ಬೇಲಿಯ ವಿಷಯ ಕೂತು ಮಾತಾಡುತ್ತಾನೋ ಎಂದು ಆಕಡೆ ಕಿವಿಗೊಟ್ಟ ಮನೆಯವರ ಸಂತೋಷ. ಬೇಲಿ ಅಂದರೆ ಐರ್ಲೆಂಡಿನ ಉತ್ತರದ ಭಾಗ, ಇನ್ನೂ ಬ್ರಿಟನ್ನಿನ ಕೈಯಲ್ಲಿರುವುದು. ಅಲ್ಲಿ ವರ್ಷಗಟ್ಟಲೆ ಹರಿದ ರಕ್ತ. ಒಬ್ಬರು ಹೊಸ ಸರಕಾರವನ್ನು ಹೊಗಳಿದರೆ, ಇನ್ನೊಬ್ಬರು ಲಂಡನ್ನಿನಲ್ಲಿ ಯಾರು ಬಂದರೂ ನಮ್ಮ ಹೆಸರು ನೆನಪಾಗುವುದು ಕೊನೆಗೇ ಎಂದು ಕೊಂಕು ತೆಗೆದರು. ಒಬ್ಬ ಹೆಂಗಸು, ದನಿಯಲ್ಲಿ ಅಂಚು ಇತ್ತು, ಅಲ್ಲಿ ಅಷ್ಟೊಂದು ಮಂದಿ ಮಹಿಳೆಯರು ಗೆದ್ದರಲ್ಲ, ನಾವು ಯಾವಾಗ ಎಂದು ತಮ್ಮವರನ್ನೇ ತಿವಿದರು. ಅವರದೇ ಚುನಾವಣೆಯೂ ಹತ್ತಿರ ಬಂದಿತ್ತು. ಹಾಗಾಗಿ ಪಕ್ಕದ ಮನೆಗೆ ಹೇಳಿದ ಮಾತು ಅರ್ಧ, ಸ್ವಂತ ಹಿತ್ತಲಿಗೆ ಕೇಳಲಿ ಎಂದು ಹೇಳಿದ್ದು ಅರ್ಧ. ಗಡಿಯ ಹತ್ತಿರದ ಕ್ಷೇತ್ರದ ವಯಸ್ಸಾದ ಸದಸ್ಯರೊಬ್ಬರು ಕೊನೆಯ ಹೊತ್ತಿಗೆ ಎದ್ದು, ಹೊಸಬರಿಗೆ ಒಳ್ಳೆಯದಾಗಲಿ ಎಂದು ಹಾರೈಸಿ, ಗಡಿಯಾಚೆ ಇರುವ ತಮ್ಮವರ ಬಗ್ಗೆ ಎರಡು ಮಾತಾಡಿ ಕೂತರು.

ಏಳನೆಯ ದಿನ ಮುಗಿಯಿತು. ಅಳಿಯನ ಕಂಪ್ಯೂಟರಿನಲ್ಲಿ ನಾನೇ ಟೈಪ್ ಮಾಡಿದೆ. ನಾನು ಕುಟ್ಟುವ ರಭಸ ಕೇಳಿ ಅವನು ಓಡಿಬಂದ.

“ಅಮ್ಮ, ಮೆತ್ತಗೆ ಮುಟ್ಟಿದ್ರೂ ಬರುತ್ತೆ ಅದು.”

“ಬಂದರೆ ಬರಲಿ, ಕೈಗೆ ಗೊತ್ತಾಗಬೇಡವೇ?”

ಇಪ್ಪತ್ತೊಂದು ಹಾಳೆ. ಒಂದು ಚುಕ್ಕೆಯಿಲ್ಲ. ಮಗಳು ತಿರುವಿ ನೋಡಿ ನನ್ನ ಭುಜ ಒತ್ತಿದಳು.

ಲೆಕ್ಚರರ್‌ಗೆ ಫೋನ್ ಮಾಡಿದೆ. ಶನಿವಾರ ಬೆಳಿಗ್ಗೆ void deckನ ಕಲ್ಲುಮೇಜಿನ ಹತ್ತಿರ ಕೂತು ಓದಿದ. ಪಕ್ಕದ ಮೇಜಿನಲ್ಲಿ ಚೈನೀಸ್ ಅಂಕಲ್‌ಗಳು ಚೆಸ್ ಆಡುತ್ತಿದ್ದರು. ಅವನು ಓದಿದ, ಓದಿದ, ಕೊನೆಯ ಹಾಳೆ ಮಡಚಿದ.

“ಬ್ಯೂಟಿಫುಲ್, ಆಂಟಿ.”

ಆದರೆ ಮುಖದಲ್ಲಿ ಬ್ಯೂಟಿಫುಲ್ ಇರಲಿಲ್ಲ.

“ಏನಾಯ್ತು? ಬಿಟ್ಟುಹೋಗಿದೆಯಾ?”

“ಒಂದು ಪಾಯಿಂಟೂ ಬಿಟ್ಟಿಲ್ಲ. ಆದ್ರೆ...” ಅವನು ಮೂಗು ಕೆರೆದುಕೊಂಡ. “ಎಲ್ಲರೂ ಒಂದೇ ಕಾನ್ವೆಂಟಲ್ಲಿ ಓದಿದ ಥರ ಮಾತಾಡ್ತಿದ್ದಾರೆ ಆಂಟಿ.”

ನನಗೆ ಅರ್ಥವಾಗಲಿಲ್ಲ. ಅವನು ಬ್ಯಾಗಿನಿಂದ ವಾಕ್‌ಮನ್ ತೆಗೆದು ನನ್ನ ಕಿವಿಗೆ ಹಾಕಿ, ಆ ಗಡಿಯ ಮುದುಕರ ಭಾಗ ಹಚ್ಚಿದ. ಅವರು ಹಾರೈಸಲು ಶುರು ಮಾಡಿ, ಅರ್ಧದಲ್ಲಿ ನಿಂತರು. ಮೌನ. ಯಾರೋ ಕೆಮ್ಮಿದರು. ಇನ್ನೂ ಮೌನ. ಇವರು ಅದೇ ಪದದಿಂದ ಮತ್ತೆ ಶುರು ಮಾಡಿ, ಮತ್ತೆ ನಿಂತು, ಮೂರನೆಯ ಸಲ ಮುಗಿಸಿದರು. ನನ್ನ ಹಾಳೆಯಲ್ಲಿ ಅದು ಎರಡು ಸಾಲಿನ ಒಂದೇ ವಾಕ್ಯ. ಅಲ್ಪವಿರಾಮ, ಪೂರ್ಣವಿರಾಮ, ಎಲ್ಲ ಸಿಸ್ಟರ್ ಮೆಚ್ಚುವಷ್ಟು ಸರಿಯಾಗಿ.

“ಈ ನಿಲ್ಲೋದು ಎಲ್ಲಿ ಹೋಯ್ತು ಆಂಟಿ?”

“ಅದು ಮಾತಲ್ಲವಲ್ಲಪ್ಪ. ಅದನ್ನ ನಾವು ಬರೆಯೋಲ್ಲ.”

“ನಂಗೆ ಬೇಕಾಗಿದ್ದು ಅದೇ.”

ಇದು ರಿಪೋರ್ಟರ್ ಮಾತ್ರ ಮಾಡಬಲ್ಲ ತಪ್ಪು. ಸದಸ್ಯ ತೊದಲಿದರೆ ಸರಿಮಾಡುವುದು, ಹೇಳಿದ್ದನ್ನೇ ಎರಡು ಸಲ ಹೇಳಿದರೆ ಒಂದು ಸಲಕ್ಕೆ ಇಳಿಸುವುದು, ಮುಗಿಯದ ವಾಕ್ಯವನ್ನು ಮುಗಿಸಿಕೊಡುವುದು, ಮಧ್ಯೆ ಬಾಯಿ ಹಾಕಿದವರನ್ನೆಲ್ಲ ‘ಗದ್ದಲ’ ಎಂಬ ಒಂದು ಪದದಲ್ಲಿ ಮುಚ್ಚುವುದು. ನಾವು ಅದನ್ನು ತಪ್ಪೆಂದು ತಿಳಿದಿರಲಿಲ್ಲ. ಮರ್ಯಾದೆ ಎಂದು ತಿಳಿದಿದ್ದೆವು. ಸದಸ್ಯರ ಮಾನ ನಮ್ಮ ಪೆನ್ಸಿಲ್ಲಿನಲ್ಲಿದೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದೆವು. ಮೂವತ್ತು ವರ್ಷದ ಆ ಅಭ್ಯಾಸ ಎಷ್ಟು ಗಟ್ಟಿಯೆಂದರೆ, ಸಮುದ್ರದಾಚೆಯ ಪಾರ್ಲಿಮೆಂಟಿನವರನ್ನೂ ನಾನು ಕೇಳದೇನೇ ತಲೆ ಬಾಚಿ, ಪೌಡರ್ ಹಚ್ಚಿ ಕೂರಿಸಿದ್ದೆ.

ನನಗೆ ಕೋಪ ಬಂತು. “ಹಾಗಿದ್ದರೆ ಮೊದಲೇ ಹೇಳಬೇಕಾಗಿತ್ತು,” ಅಂದೆ. ಹಾಳೆಗಳನ್ನು ಅವನ ಕೈಯಿಂದ ಕಿತ್ತುಕೊಂಡೇ ಲಿಫ್ಟಿಗೆ ಹೋದೆ. ಹಿಂದಿನಿಂದ “ಆಂಟಿ, ಆಂಟಿ” ಅನ್ನುತ್ತಿದ್ದ.

ಮನೆಗೆ ಬಂದು ಅಕ್ಕಿ ತೊಳೆಯುತ್ತ ನಿಂತಾಗ ಒಬ್ಬ ಸದಸ್ಯರು ನೆನಪಾದರು. ಅರವತ್ತರ ದಶಕ. ಹಿಂದುಳಿದ ತಾಲ್ಲೂಕಿನಿಂದ ಬಂದ ರೈತ. ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರು. ತಮ್ಮ ಊರಿನ ಹೊಳೆಗೆ ಸೇತುವೆ ಬೇಕೆಂದು ಕೇಳಲು ಎದ್ದವರು ಮುರುಕು ಇಂಗ್ಲಿಷಿನಲ್ಲಿ ಶುರು ಮಾಡಿ, ನಡುವೆ ಕನ್ನಡಕ್ಕೆ ಜಾರಿ, ಹೊಳೆ ದಾಟುವಾಗ ಕೊಚ್ಚಿಹೋದ ಒಬ್ಬ ಬಾಣಂತಿಯ ವಿಷಯ ಬಂದಾಗ ಮಾತು ನಿಂತು, ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು ಕೂತುಬಿಟ್ಟಿದ್ದರು. ನನ್ನ ಟರ್ನ್. ನಾನು ಅದನ್ನು ಒಂದು ಪ್ಯಾರಾ ಸುಂದರ ಇಂಗ್ಲಿಷಾಗಿ ಮಾಡಿದೆ. ಸಹಿ ಹಾಕಲು ಅವರು ನಮ್ಮ ರೂಮಿಗೆ ಬಂದಾಗ ಓದಿ ಹೇಳಿದೆ. “ಇದು ನಾನಲ್ಲ ತಾಯಿ. ಆದ್ರೆ ಭಾಳ ಚೆನ್ನಾಗೈತೆ,” ಎಂದು ಸಹಿ ಹಾಕಿ ಹೋದರು. ಅದನ್ನು ನಾನು ಸರ್ಟಿಫಿಕೇಟಿನ ಹಾಗೆ ಇಟ್ಟುಕೊಂಡಿದ್ದೆ. ಎಷ್ಟೋ ಜನಕ್ಕೆ ಹೇಳಿದ್ದೆ. ಅವರ ಮೊದಲ ವಾಕ್ಯವನ್ನು ಅಷ್ಟು ವರ್ಷದಲ್ಲಿ ನಾನು ಕೇಳಿಸಿಕೊಂಡೇ ಇರಲಿಲ್ಲ.

ಅಕ್ಕಿ ಕುಕ್ಕರಿಗೆ ಇಟ್ಟು ಲೆಕ್ಚರರ್‌ಗೆ ಫೋನ್ ಮಾಡಿದೆ.

“ಎಷ್ಟು ದಿನ ಇದೆ?”

“ಒಂಬತ್ತು. ಆಂಟಿ, ಸಾರಿ, ನಾನು...”

“ಸಾರಿ ಇರಲಿ. ಎಲ್ಲ ಬರೀತೀನಿ. ಕೆಮ್ಮು ಸಮೇತ.”

ಆದರೆ ಮೌನವನ್ನು ಬರೆಯುವುದು ಹೇಗೆ? ನಮ್ಮ ಲಿಪಿಯಲ್ಲಿ ಪ್ರತಿ ಸದ್ದಿಗೂ ಗೆರೆ ಇದೆ, ಸದ್ದಿಲ್ಲದ್ದಕ್ಕೆ ಇಲ್ಲ. ಒಂದು ಮಧ್ಯಾಹ್ನವೆಲ್ಲ ಹೊಸ ಗುರುತುಗಳನ್ನು ಮಾಡಿಕೊಂಡೆ. ತಡವರಿಕೆಗೆ ಒಂದು ಸುರುಳಿ. ನಗುವಿಗೆ ಬಾಯಿ ತೆರೆದ ಬಟ್ಟಲು. ಸದನ ಗೊಣಗಿದರೆ ಮೂರು ಅಡ್ಡಗೆರೆ. ನಿಲುಗಡೆಗೆ ಒಂದು ಉದ್ದ ಕಂಬ, ಪಕ್ಕದಲ್ಲಿ ಸೆಕೆಂಡುಗಳ ಲೆಕ್ಕ. ಅರವತ್ತಾರನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸ.

ಕೈಗಿಂತ ಕಷ್ಟವಾದದ್ದು ತಲೆಗೆ. ಕಿವಿ ಕೇಳಿದ್ದನ್ನು ಕೈಗೆ ಇಳಿಸುವ ದಾರಿಯಲ್ಲಿ ಎಲ್ಲೋ ಒಬ್ಬ ದರ್ಜಿ ಕೂತಿದ್ದ, ಹರಿದದ್ದನ್ನೆಲ್ಲ ಹೊಲಿದುಬಿಡುತ್ತಿದ್ದ. ಅವನನ್ನು ಎಬ್ಬಿಸಿ ಕಳಿಸಲು ಮೂರು ದಿನ ಬೇಕಾಯಿತು. ಎಷ್ಟೋ ಸಲ ಬರೆದು, ಟೇಪಿಗೆ ಹೋಲಿಸಿದರೆ, ಮತ್ತೆ ವಾಕ್ಯ ನೆಟ್ಟಗಾಗಿರುತ್ತಿತ್ತು. ಹರಿದು ಹಾಕಿ ಮತ್ತೆ ಬರೆಯುತ್ತಿದ್ದೆ. ರಿವೈಂಡ್ ಮಾಡಬಾರದೆಂಬ ಜಂಬ ಮೊದಲ ದಿನವೇ ಬಿಟ್ಟಿತು.

ಅದೂ ಸಾಲದೆ, ಗಡಿಯಾರ ನೋಡುತ್ತ ಬರೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಮಗಳಿಗೆ ರಜೆಯಿದ್ದ ದಿನ ಅವಳನ್ನು ಕೂಗಿದೆ. “ಬಾ ಇಲ್ಲಿ. ಆ ಟೈಮರ್ ಹಿಡಕೋ. ಅವರು ನಿಂತಾಗ ಒತ್ತು, ಶುರು ಮಾಡಿದಾಗ ಒತ್ತು.”

“ಅಮ್ಮ, ಬಟ್ಟೆ ವಾಷಿಂಗ್ ಮೆಷಿನ್‌ಗೆ ಹಾಕ್ಬೇಕು.”

“ಬಟ್ಟೆ ಓಡಿಹೋಗಲ್ಲ.”

ಹತ್ತು ನಿಮಿಷಕ್ಕೆಂದು ಕೂತವಳು ಮಧ್ಯಾಹ್ನದ ತನಕ ಏಳಲಿಲ್ಲ. ಅವಳಿಗೆ ಮಾತು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ, ಆದರೆ ನಿಲುಗಡೆ ನನಗಿಂತ ಚೆನ್ನಾಗಿ ಹಿಡಿಯುತ್ತಿದ್ದಳು. ನಡುವೆ ನಾನು ಕತ್ತು ಬಗ್ಗಿಸಿ ಒಂದೇ ಸಮ ಬರೆಯುತ್ತಿರುವುದನ್ನು ನೋಡುತ್ತ, ಒತ್ತುವುದನ್ನೇ ಮರೆತಳು.

“ಏನೇ?”

“ಏನಿಲ್ಲ. ನೀನು ಕೆಲಸ ಮಾಡೋದನ್ನ ನಾನು ನೋಡೇ ಇರ್ಲಿಲ್ಲ ಅಲ್ವಾ.”

ನಿಜ. ಚಿಕ್ಕವಳಾಗಿದ್ದಾಗ ಅವಳಿಗೆ ಗೊತ್ತಿದ್ದದ್ದು, ಅಧಿವೇಶನವಿದ್ದಾಗ ತಡವಾಗಿ ಬರುವ ಅಮ್ಮ ಮಾತ್ರ.

ಗಡಿಯ ಮುದುಕರ ಭಾಗ ಬಂದಾಗ ಇಬ್ಬರೂ ಪ್ಲೇಯರಿನ ಹತ್ತಿರಕ್ಕೆ ಬಾಗಿದೆವು. ಮೊದಲ ನಿಲುಗಡೆ ನಾಲ್ಕು ಸೆಕೆಂಡು. ಎರಡನೆಯದು ಹನ್ನೊಂದು. ಹನ್ನೊಂದು ಸೆಕೆಂಡು ಅಂದರೆ ಕೇಳಲು ಸಣ್ಣದು. ಸದನದ ಮಧ್ಯೆ ಎದ್ದು ನಿಂತವನಿಗೆ ಅದು ಒಂದಿಡೀ ಹಗಲು. ಆ ಮನುಷ್ಯ ಎಷ್ಟು ಸಲ ಲಂಡನ್ನಿನ ಮೇಲೆ ಆಸೆಯಿಟ್ಟು ಮೋಸಹೋಗಿದ್ದರೋ. ಈ ಸಲ ಸಂತೋಷಪಟ್ಟುಬಿಡಲೇ ಬೇಡವೇ ಎಂದು ಎಲ್ಲರ ಎದುರಿಗೆ ನಿಂತು ಯೋಚಿಸುತ್ತಿದ್ದರು. ಆಮೇಲೆ, ಪಡೋಣ ಎಂದು ತೀರ್ಮಾನಿಸಿದರು. ಅದು ಅವರ ಮಾತಿನಲ್ಲಿ ಇರಲಿಲ್ಲ. ಆ ಹನ್ನೊಂದು ಸೆಕೆಂಡಿನಲ್ಲಿತ್ತು. ನಾನು ಮೊದಲ ಸಲ ಅದನ್ನೇ ಇಸ್ತ್ರಿ ಮಾಡಿದ್ದೆ.

ಸೆಮಿನಾರಿಗೆ ಎರಡು ದಿನ ಇರುವಾಗ ಮೂವತ್ನಾಲ್ಕು ಹಾಳೆ ಮುಗಿದವು. ಲೆಕ್ಚರರ್ ನಮ್ಮ ಸೋಫಾದಲ್ಲೇ ಕೂತು ಓದಿದ. ಮಧ್ಯೆ ಒಮ್ಮೆ ಗಟ್ಟಿಯಾಗಿ ನಕ್ಕ. ಆಮೇಲೆ ಕೊನೆಯ ಹಾಳೆಗಳನ್ನು ಎರಡೆರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿ, “ಇದು ಐರ್ಲೆಂಡ್, ಆಂಟಿ,” ಅಂದ.

“ಸೆಮಿನಾರ್‌ನಲ್ಲಿ ನೀವೇ ಓದ್ಬೇಕು. ನಾನು ಓದಿದ್ರೆ ಕುಂದಾಪುರದ ಎಮ್ಮೆಲ್ಲೆ ಥರ ಇರುತ್ತೆ.”

ಕಾಂಚಿಪುರಂ ಸೀರೆ ಬೇಡ, ತೆಳ್ಳನೆ ಮೈಸೂರ್ ಸಿಲ್ಕ್ ಉಟ್ಟುಕೋ ಎಂದು ಮಗಳು ತೀರ್ಪು ಕೊಟ್ಟಳು. ಅವಳು ಅರ್ಧ ದಿನ ರಜ ಹಾಕಿ ಜೊತೆಗೆ ಬಂದಳು. ಟ್ಯಾಂಪಿನೀಸಿನಿಂದ ಊರಿನ ಆ ತುದಿಯವರೆಗೆ ಎಂಆರ್‌ಟಿ ರೈಲಿನಲ್ಲಿ ಮುಕ್ಕಾಲು ಗಂಟೆ, ಆಮೇಲೆ ಬಸ್ಸು.

ಚಳಿ ಹಿಡಿಯುವಷ್ಟು ಏಸಿ ಇದ್ದ ಒಂದು ಸಣ್ಣ ಹಾಲು. ಮೂವತ್ತು ಜನ ಇದ್ದಿರಬೇಕು. ಲೆಕ್ಚರರ್ ಮುನ್ನುಡಿ ಹೇಳಿ ನನ್ನ ಕಡೆ ತಿರುಗಿದ. ಸದನದಲ್ಲಿ ಮೂವತ್ತು ವರ್ಷ ಕೂತವಳು ನಾನು, ಒಮ್ಮೆಯೂ ಎದ್ದು ನಿಂತು ಮಾತಾಡಿದವಳಲ್ಲ. ಮೊದಲ ಹಾಳೆ ತೆಗೆದೆ, ಬೆನ್ನು ನೇರ ಮಾಡಿಕೊಂಡೆ, ಶುರು ಮಾಡಿದೆ.

ಹೊಗಳಿದವರು ಹೊಗಳಿದರು, ಕೊಂಕಿನವರು ಕೊಂಕಿದರು, ಆ ಹೆಂಗಸು ತಿವಿದರು. ಲಂಡನ್ನಿಗೆ ನಮ್ಮ ಹೆಸರು ಕೊನೆಗೇ ನೆನಪಾಗುತ್ತದೆ ಎಂಬಲ್ಲಿಗೆ ಬಂದಾಗ ಹಿಂದಿನ ಸಾಲಿನ ಸ್ಥಳೀಯರೆಲ್ಲ ಒಟ್ಟಿಗೆ ನಕ್ಕರು. ಯಾವ ನೆರೆಯವರನ್ನು ನೆನೆದು ನಕ್ಕರೆಂದು ನಾನು ಕೇಳಲಿಲ್ಲ. ಕೊನೆಗೆ ಗಡಿಯ ಮುದುಕರು ಎದ್ದರು. ನಾನು ಹಾರೈಕೆ ಶುರು ಮಾಡಿ ನಿಂತೆ. ನಾಲ್ಕು ಎಣಿಸಿದೆ. ಮತ್ತೆ ಶುರು ಮಾಡಿ ನಿಂತೆ. ಮುದುಕಿಗೆ ಮರೆತುಹೋಯಿತು ಎಂದುಕೊಂಡು ಮುಂದಿನ ಸಾಲಿನ ಒಬ್ಬಾತ ನೀರಿನ ಗ್ಲಾಸಿಗೆ ಕೈ ಚಾಚಿದ. ನಾನು ತಲೆಯೆತ್ತಲಿಲ್ಲ. ಏಳು, ಎಂಟು. ಗ್ಲಾಸಿನ ಕೈ ಗಾಳಿಯಲ್ಲೇ ನಿಂತಿತು. ಹತ್ತು, ಹನ್ನೊಂದು. ಆಮೇಲೆ ಆ ಸದಸ್ಯರು ಹೇಳಿದ್ದನ್ನು, ಅವರು ಹೇಳಿದ ಹಾಗೇ, ಮುರಿದಲ್ಲಿ ಮುರಿದು, ಕೊನೆಯವರೆಗೆ ಹೇಳಿದೆ.

ಚಪ್ಪಾಳೆ ತಕ್ಷಣ ಬರಲಿಲ್ಲ. ಬಂದಾಗ ಬಹಳ ಹೊತ್ತು ಇತ್ತು. ಡಿಪಾರ್ಟ್‌ಮೆಂಟಿನ ಹಿರಿಯ ಪ್ರೊಫೆಸರ್, ಮಿತಭಾಷಿ ಚೈನೀಸ್ ಮನುಷ್ಯ, ಎದ್ದು ಲೆಕ್ಚರರ್‌ನ ಕಡೆಗೆ ತಿರುಗಿ, ಈ ಚಾಪ್ಟರನ್ನು ಪುಸ್ತಕದ ಮೊದಲಿಗೆ ಹಾಕಬೇಕು ಅಂದರು. ಲೆಕ್ಚರರ್ ನನ್ನನ್ನು ನೋಡಿದ ನೋಟವನ್ನು ನಾನು ಈಗಲೂ ಯಾರಿಗೂ ಕೊಡುವುದಿಲ್ಲ.

ಟೀ ಹೊತ್ತಿನಲ್ಲಿ ನರೆಗೂದಲಿನ ಬಿಳಿಯ ಹೆಂಗಸೊಬ್ಬಳು ಕಪ್ಪು ಹಿಡಿದು ನೇರ ನನ್ನ ಹತ್ತಿರ ಬಂದಳು. ಒಂದು ವರ್ಷಕ್ಕೆಂದು ಐರ್ಲೆಂಡಿನಿಂದ ಪಾಠ ಮಾಡಲು ಬಂದವಳಂತೆ. ನೀವು ಮನೆ ಬಿಟ್ಟು ಎಷ್ಟು ಕಾಲವಾಯಿತು, ನಿಮ್ಮದು ಐರ್ಲೆಂಡಿನ ಯಾವ ಕೌಂಟಿ ಎಂದು ಕೇಳಿದಳು. ತಮಾಷೆಗಲ್ಲ, ನಿಜಕ್ಕೂ.

“ಬೆಂಗಳೂರ್ ಕಂಟೋನ್ಮೆಂಟ್,” ಅಂದೆ.

ಅವಳ ನಗುವಿಗೆ ಟೀ ತುಳುಕಿ ತಟ್ಟೆಗೆ ಬಿತ್ತು. ಆಮೇಲೆ ನಮ್ಮ ಸಿಸ್ಟರ್‌ಗಳು ಯಾವ ಊರಿನವರು, ಏನು ಹಾಡುತ್ತಿದ್ದರು ಎಂದೆಲ್ಲ ಕೇಳಿದಳು. ನನಗೆ ಗೊತ್ತಿದ್ದದ್ದು ಕಡಿಮೆ. ಅವರು ತಮ್ಮ ಊರಿನ ಬಗ್ಗೆ ನಮಗೆ ಹೇಳಿದ್ದೇ ಇಲ್ಲ, ನಾವೂ ಕೇಳಲಿಲ್ಲ. ಅಷ್ಟು ದೂರ ಬಂದು, ಇನ್ಯಾರದೋ ಮಕ್ಕಳ ಬೆನ್ನು ನೆಟ್ಟಗಿದೆಯೇ ಎಂದು ನೋಡುತ್ತ ಮುದುಕಿಯರಾದರು. ಆ ಕ್ಷಣ ಒಂದು ಸ್ವಲ್ಪ ಕಣ್ಣು ತುಂಬಿತು, ಮಗಳು ನೋಡುವ ಮೊದಲು ಒರೆಸಿಕೊಂಡೆ.

ಪ್ರೊಫೆಸರರ ಕಡೆಯಿಂದ ಮುಂದಿನ ವಾರವೇ ಇನ್ನೆರಡು ಕ್ಯಾಸೆಟ್ಟು ಬಂದವು, ಬೇರೊಂದು ಸಣ್ಣ ದೇಶದ್ದು. ಅದರ ಇಂಗ್ಲಿಷು ನನಗೆ ಹೊಸದು. ಮತ್ತೆ ಮೊದಲಿನಿಂದ ಕಿವಿ ತಿದ್ದಿಕೊಳ್ಳಬೇಕಾಯಿತು. ಮೂರನೆಯ ಟರ್ನಿನ ಮಧ್ಯೆ ಫೋನ್ ರಿಂಗಾಯಿತು. ಶನಿವಾರ, ಮಗಳು ಮನೆಯಲ್ಲಿದ್ದಳು. ಚೋವಾ ಚು ಕಾಂಗ್ ಬಡಾವಣೆಯ ನಮ್ಮ ಪರಿಚಯದವರು, ಹಬ್ಬಕ್ಕೆ ಚಕ್ಕುಲಿ ಮಾಡಲು ನನ್ನನ್ನು ಕರೆಯುತ್ತಿದ್ದರು. ಪೆನ್ಸಿಲ್ಲು ನಿಲ್ಲಿಸದೆ ಒಂದು ಕಿವಿಯಲ್ಲಿ ಕೇಳಿಸಿಕೊಂಡೆ.

“ಇಲ್ಲ ಆಂಟಿ, ಈಗ ಕೊಡೋಕಾಗಲ್ಲ,” ಅನ್ನುತ್ತಿದ್ದಳು ಮಗಳು. “ಅಮ್ಮ ಡ್ಯೂಟಿಯಲ್ಲಿದ್ದಾರೆ. ನಾಲ್ಕು ಗಂಟೆ ಮೇಲೆ ಮಾಡಿ.”